ಶೇಂಗಾ, ಹಿಂಡಿ, ಜೋಳ: ಬೂಷ್ಟಿನ ವಿಷ ತೆಗೆಯಬಹುದೇ?

ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ನಮ್ಮ ಕನ್ನಡ ಬಂಧುಗಳಲ್ಲಿ ಶೇಂಗಾ ಬೆಳೆಯುವವರು, ಎಮ್ಮೆ ಕಟ್ಟಿದವರು ಬಹಳ ಮಂದಿ. ಬೂಷ್ಟು ಹಿಡಿದ ಕಾಳನ್ನು ತೊಳೆದರೆ, ಹುರಿದರೆ ಸರಿಹೋಗುತ್ತದೆಯೇ ಎಂದು ಹಲವರು ಕೇಳುವುದುಂಟು. ಅದಕ್ಕಾಗಿ ಈ ಬರಹ.

ಶೇಂಗಾ ಮತ್ತು ಮೆಕ್ಕೆಜೋಳಕ್ಕೆ ಹತ್ತುವ ಹಳದಿ ಮಿಶ್ರಿತ ಹಸಿರು ಬೂಷ್ಟಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂದು ಹೆಸರು. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಕಾಲಾಂತರದಲ್ಲಿ ಕ್ಯಾನ್ಸರ್ ತರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. ಕಾರಣ ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿ. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ತೀರಿಕೊಂಡರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಅಕಾಲ ಮಳೆಗೆ ಸಿಕ್ಕ ಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಅಲ್ಲಿ ಸಿಕ್ಕದ್ದು ಬೇರೊಂದು ಬೂಷ್ಟಿನ ವಿಷ, ಫ್ಯುಮೋನಿಸಿನ್. ಕಪ್ಪಾದ ಜೋಳವೆಂದರೆ ಬರೀ ಬಣ್ಣದ ಮಾತಲ್ಲ.

ವಿಷ ತೆಗೆಯುವ ವಿಷಯಕ್ಕೆ ಬರೋಣ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1967ರಲ್ಲೇ ಶೇಂಗಾ ಹಿಟ್ಟಿನ ಅಫ್ಲಾಟಾಕ್ಸಿನ್ನನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಹುಮಟ್ಟಿಗೆ ನಾಶಮಾಡಬಹುದೆಂದು ಪ್ರಕಟಿಸಿದರು. ಆಗ ಅದೇ ಸಂಸ್ಥೆ ಬಡ ಮಕ್ಕಳ ಪೌಷ್ಟಿಕ ಆಹಾರಕ್ಕೆ ಶೇಂಗಾ ಹಿಟ್ಟನ್ನೇ ನಂಬಿತ್ತು. ಆದ್ದರಿಂದ ಅದು ಹುಡುಗಾಟದ ಸಂಶೋಧನೆ ಆಗಿರಲಿಲ್ಲ. ಹಿಂಡಿಗೆ ಅಮೋನಿಯಾ ಕೊಡುವ ವಿಧಾನವೂ ಹೊರದೇಶಗಳಲ್ಲಿದೆ. ಆದರೆ ಇವೆಲ್ಲ ಕಾರ್ಖಾನೆಯ ಕೆಲಸ, ಮನೆಯಲ್ಲಿ ಯಾರೂ ಕೈಹಾಕಬಾರದು. ಕುದಿಸುವುದರಿಂದ ಈ ವಿಷ ಹೋಗುವುದಿಲ್ಲ. ಹುರಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಅಲ್ಲ. ಬಿಸಿಲಿಗೆ ಹಾಕಿ ಬೂಷ್ಟು ಉದುರಿಸಿದರೂ ಕಾಳಿನೊಳಗೆ ಇಳಿದದ್ದು ಅಲ್ಲೇ ಇರುತ್ತದೆ.

ನಮ್ಮ ಕೈಯಲ್ಲಿರುವುದು ಆರಿಸುವುದು. ಒಂದು ಚೀಲದ ವಿಷವೆಲ್ಲ ಸಾಮಾನ್ಯವಾಗಿ ಕೆಲವೇ ಕಾಳುಗಳಲ್ಲಿ ಸೇರಿರುತ್ತದೆ: ಮುರುಟಿದವು, ಬಣ್ಣಗೆಟ್ಟವು, ಗೆದ್ದಲು ಕೊರೆದವು, ಒಡೆದವು. ಮನೆಯ ಹೆಣ್ಣುಮಕ್ಕಳು ಮೊರದ ಮುಂದೆ ಕೂತು ಮಾಡುವ ಈ ಕೆಲಸವನ್ನು ಇಂದು ದೊಡ್ಡ ಗಿರಣಿಗಳು ಬಣ್ಣ ನೋಡಿ ಬೇರ್ಪಡಿಸುವ ಯಂತ್ರದಿಂದ ಮಾಡುತ್ತವೆ.

ಆದರೆ ತಪ್ಪು ನಡೆಯುವುದು ಆರಿಸಿದ ಮೇಲೆ. ಹಾಳುಮಾಡಬಾರದೆಂದು ಆ ಕೆಟ್ಟ ಕಾಳನ್ನು ಎಮ್ಮೆಯ ಮುಂದೆ ಸುರಿಯುತ್ತೇವೆ, ಇಲ್ಲವೇ ಗಾಣಕ್ಕೆ ಕಳಿಸುತ್ತೇವೆ. ಗಾಣದಲ್ಲಿ ವಿಷದ ಹೆಚ್ಚು ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಎಮ್ಮೆ ತಿಂದ ವಿಷದಲ್ಲಿ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಕುಡಿಯುವವರು ಮನೆಯ ಮಕ್ಕಳೇ. ನಾನು ನೌಕರಿಯಲ್ಲಿದ್ದಾಗ ಒಂದು ಮಳೆಗಾಲ ಅಗ್ಗಕ್ಕೆ ಸಿಕ್ಕಿತೆಂದು ಬೂಷ್ಟು ವಾಸನೆಯ ಹಿಂಡಿ ತಂದಿದ್ದೆ. ಎಮ್ಮೆ ಮೇವು ಬಿಟ್ಟಿತು, ಹಾಲು ಅರ್ಧಕ್ಕಿಳಿಯಿತು. ನಮ್ಮ ತಾಯಿ "ಅದು ಮೂಸಿ ಬಿಟ್ಟದ್ದನ್ನ ನೀ ರೊಕ್ಕ ಕೊಟ್ಟು ತಂದೀಯಲ್ಲೋ" ಎಂದಿದ್ದು ಇನ್ನೂ ನೆನಪಿದೆ. ಅಂಥ ಹಿಂಡಿ ನಿಲ್ಲಿಸಿದರೆ ಮೂರ್ನಾಲ್ಕು ದಿನಗಳಲ್ಲಿ ಹಾಲು ಶುದ್ಧವಾಗುತ್ತಾ ಬರುತ್ತದೆ. ಬೆಂಟೋನೈಟ್‌ನಂಥ ಮಣ್ಣು ಬೆರೆಸಿದ ಪುಡಿಗಳು ಹೊಟ್ಟೆಯಲ್ಲೇ ವಿಷ ಹಿಡಿದಿಡುತ್ತವೆ. ಪಶುವೈದ್ಯರನ್ನು ಕೇಳಿಯೇ ಕೊಡಿ.

ಕೊಯ್ಲಿನ ಹೊತ್ತಿನ ಎಚ್ಚರವೇ ಎಲ್ಲಕ್ಕಿಂತ ಅಗ್ಗ. ಕಾಯಿ ಬಲಿಯುವಾಗ ನೀರಿನ ಕೊರತೆಯಾದರೆ ಈ ಬೂಷ್ಟು ಹೊಲದಲ್ಲೇ ಹತ್ತುತ್ತದೆ, ಆ ವರ್ಷದ ಮಾಲನ್ನು ಹೆಚ್ಚು ಜಾಗ್ರತೆಯಿಂದ ಆರಿಸಬೇಕು. ಕಿತ್ತ ಕಾಯಿಯನ್ನು ತೇವ ಶೇಕಡಾ 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಅಲುಗಿಸಿದರೆ ಒಳಗೆ ಕಾಳು ಗಲಗಲ ಎನ್ನಬೇಕು. ಒಣಗಿದ ಕಾಯಿಗೆ ನೀರು ಚಿಮುಕಿಸಿ ಸುಲಿಯುವ ರೂಢಿ ಕೆಲವೆಡೆ ಇದೆ, ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇಡ. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ.

ಮಾರುವವರಿಗೆ ಒಂದು ಮಾತು: ದನದ ಮೇವಿನ ಹಿಟ್ಟಿಗೆ ಬಿಐಎಸ್ ಮಿತಿ ಕಿಲೋಗೆ 20 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಬಿ1. ಅಷ್ಟು ಸಣ್ಣ ಪ್ರಮಾಣ ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯದು, ಪ್ರಯೋಗಾಲಯವೇ ಹೇಳಬೇಕು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಇದಕ್ಕೆಂದೇ ಕಡಿಮೆ ಖರ್ಚಿನ ಎಲೈಸಾ ಪರೀಕ್ಷೆ ರೂಪಿಸಿದೆ. ಮಾದರಿ ಕಳಿಸುವಾಗ ಒಂದೇ ಮೂಲೆಯಿಂದ ಹಿಡಿಯಷ್ಟು ತೆಗೆಯಬೇಡಿ, ಹತ್ತಾರು ಚೀಲಗಳಿಂದ ಸ್ವಲ್ಪಸ್ವಲ್ಪ ತೆಗೆದು ಬೆರೆಸಿ ಕಳಿಸಿ.

— ಕಾರ್ಯದರ್ಶಿ