ಚೌಕಟ್ಟಿಗೆ ಸಿಗದ ಸದ್ದು: ವಿಡಿಯೋ ಸಂಕಲನ ತಂತ್ರಾಂಶಗಳಲ್ಲಿ ಧ್ವನಿಯ ಚರಿತ್ರೆ

ಚಿತ್ರ ಸಂಕಲನಕಾರರು ಎಣಿಸುವುದು ಫ್ರೇಮುಗಳನ್ನು, ಧ್ವನಿ ಸಂಕಲನಕಾರರು ಎಣಿಸುವುದು ಸ್ಯಾಂಪಲ್ಲುಗಳನ್ನು, ಅಂದರೆ ಡಿಜಿಟಲ್ ಧ್ವನಿಯ ಬಿಡಿ ಅಳತೆಗಳನ್ನು. ಸೆಕೆಂಡಿಗೆ 24 ಫ್ರೇಮು, 48,000 ಸ್ಯಾಂಪಲ್ಲು ಎಂದಿಟ್ಟುಕೊಂಡರೆ ಒಂದೇ ಫ್ರೇಮಿನ ಹೊಟ್ಟೆಯೊಳಗೆ 2,000 ಸ್ಯಾಂಪಲ್ಲುಗಳಿರುತ್ತವೆ. ಮಾತಿನ ನಡುವೆ ನುಸುಳಿದ 'ಟಕ್' ಎಂಬ ಸದ್ದು ಅದರ ಒಂದು ಮೂಲೆಯಲ್ಲಿ ಅಡಗಿ ಕೂರಬಲ್ಲದು. ವಿಡಿಯೋ ಸಂಕಲನ ತಂತ್ರಾಂಶಗಳ ಚರಿತ್ರೆಯನ್ನು ಟ್ರ್ಯಾಕುಗಳ ಲೆಕ್ಕದಲ್ಲಿ, ಎಫೆಕ್ಟುಗಳ ಪಟ್ಟಿಯಲ್ಲಿ ಹೇಳುವುದು ವಾಡಿಕೆ. ಅಳತೆಗೋಲುಗಳ ಈ ತಕರಾರಿನಿಂದ ಹೇಳಿದರೆ ಅದು ಹೆಚ್ಚು ಸ್ಪಷ್ಟವಾಗುತ್ತದೆಂಬುದು ನನ್ನ ವಾದ.

ಕಂಪ್ಯೂಟರು ಬರುವ ಮುನ್ನ ಈ ತಕರಾರಿಗೆ ಒಂದು ರಾಜಿಯಿತ್ತು. 35 ಮಿ.ಮೀ. ಫಿಲ್ಮಿನಲ್ಲಿ ಫ್ರೇಮಿಗೆ ನಾಲ್ಕು ರಂಧ್ರ; ಕಾಂತೀಯ ಲೇಪದ ಧ್ವನಿಪಟ್ಟಿಗೂ ಅವೇ ರಂಧ್ರಗಳು. ಒಂದು ರಂಧ್ರದಷ್ಟು ಸರಿಸಿದರೆ ಕಾಲು ಫ್ರೇಮು, ಅಂದರೆ ಸೆಕೆಂಡಿನ 96ರಲ್ಲೊಂದು ಪಾಲು. ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ಅಂಟಿಸಿದರೆ ಒಂದು ಸದ್ದು ಇನ್ನೊಂದರೊಳಗೆ ಮೆಲ್ಲಗೆ ಕರಗುತ್ತಿತ್ತು. 1989ರಲ್ಲಿ ಏವಿಡ್ ಕಂಪನಿಯ ಕಂಪ್ಯೂಟರ್ ಸಂಕಲನ ವ್ಯವಸ್ಥೆ ಬಂದಾಗ ಅದರ ಟೈಮ್‌ಲೈನಿನ ಅಳತೆ ಇಡೀ ಫ್ರೇಮು. ಚಿತ್ರಕ್ಕೆ ಅದು ದೊಡ್ಡ ಬಿಡುಗಡೆ. ಧ್ವನಿಗೆ, ನನ್ನ ಕಣ್ಣಿಗೆ ಕಾಣುವಂತೆ, ಒಂದು ಹೆಜ್ಜೆ ಹಿಂದಕ್ಕೆ.

ಅದೇ 1989ರಲ್ಲಿ ಡಿಜಿಡಿಸೈನ್ ಕಂಪನಿ ಧ್ವನಿ ಸಂಕಲನಕ್ಕೆಂದು 'ಸೌಂಡ್ ಟೂಲ್ಸ್' ತಂದಿತು, 1991ರಲ್ಲಿ 'ಪ್ರೊ ಟೂಲ್ಸ್'. 1995ರಲ್ಲಿ ಏವಿಡ್ ಆ ಕಂಪನಿಯನ್ನೇ ಕೊಂಡಿತು. ಯಜಮಾನ ಒಬ್ಬನಾದರೂ ಒಲೆ ಎರಡೇ ಉಳಿದವು: ಚಿತ್ರವನ್ನು ಮತ್ತೆ ಬದಲಾಗದಂತೆ 'ಲಾಕ್' ಮಾಡಿ, ಸಂಕಲನವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ ಓಎಂಎಫ್ ಕಡತ ತೆಗೆದು, ಧ್ವನಿಯವರ ಕೋಣೆಗೆ ಕಳಿಸಬೇಕಿತ್ತು. ಎರಡೂ ಕೋಣೆಗಳಲ್ಲಿ ಸಲೀಸಾಗಿ ಓಡಾಡಿದ ವಾಲ್ಟರ್ ಮರ್ಚ್‌ರಂಥವರು ವಿರಳ. 'ದಿ ಇಂಗ್ಲಿಷ್ ಪೇಷೆಂಟ್' (1996) ಚಿತ್ರಕ್ಕಾಗಿ ಅವರಿಗೆ ಸಂಕಲನಕ್ಕೊಂದು, ಧ್ವನಿಗೊಂದು ಆಸ್ಕರ್ ಸಿಕ್ಕಿತು.

ಎದುರು ದಿಕ್ಕಿನಿಂದ ನಡೆದು ಬಂದದ್ದು ಸಾನಿಕ್ ಫೌಂಡ್ರಿಯ 'ವೇಗಸ್'. 1999ರಲ್ಲಿ ಅದು ಬರೀ ಧ್ವನಿಯ ತಂತ್ರಾಂಶ. ಮರುವರ್ಷ ಅದಕ್ಕೆ ವಿಡಿಯೋ ಸೇರಿತು. ಎರಡು ತುಣುಕುಗಳನ್ನು ಒಂದರ ಮೇಲೊಂದು ಸರಿಸಿದರೆ ಸಾಕು, ತಾನಾಗಿಯೇ ಕ್ರಾಸ್‌ಫೇಡ್. ಹಳೆಯ ಓರೆ ಕತ್ತರಿ ಇಲ್ಲಿ ಮತ್ತೆ ಕೈಗೆ ಬಂತು. ಸಂಕಲನದ ಚರಿತ್ರೆ ಬರೆಯುವವರು ಇದನ್ನು ಹವ್ಯಾಸಿಗಳ ಸಾಧನವೆಂದು ಬದಿಗಿಡುವುದು ಅನ್ಯಾಯ.

ಉಳಿದವರು ಧ್ವನಿಯ ಸಾಧನಗಳನ್ನು ತಾವೇ ಬೆಳೆಸುವ ಬದಲು ಕೊಂಡರು. ಅಡೋಬಿ 2003ರಲ್ಲಿ 'ಕೂಲ್ ಎಡಿಟ್ ಪ್ರೊ' ಖರೀದಿಸಿ 'ಆಡಿಷನ್' ಎಂದು ಹೆಸರಿಟ್ಟಿತು. ಆಪಲ್ ಮಾತ್ರ 2011ರ 'ಫೈನಲ್ ಕಟ್ ಪ್ರೊ ಎಕ್ಸ್'ನಲ್ಲಿ ಟ್ರ್ಯಾಕುಗಳನ್ನೇ ಕಿತ್ತುಹಾಕಿ, ಸದ್ದನ್ನು ಚಿತ್ರದ ತುಣುಕಿಗೆ ಗಂಟುಹಾಕಿತು. ಫ್ರೇಮಿನ 80ರಲ್ಲೊಂದು ಪಾಲಿನವರೆಗೆ ಧ್ವನಿಯನ್ನು ತಿದ್ದಬಹುದಿತ್ತು. ಆದರೆ ಓಎಂಎಫ್ ಆಗಿ ಹೊರಕಳಿಸುವ ದಾರಿಯೇ ಅದರಲ್ಲಿ ಇರಲಿಲ್ಲ, ವೃತ್ತಿಪರರು ಸಿಡಿಮಿಡಿಗೊಂಡರು.

1970ರ ದಶಕದಲ್ಲಿ ಸಿಡ್ನಿಯಲ್ಲಿ ಸಿಂಥಸೈಸರ್ ತಯಾರಿಸಲು ಹುಟ್ಟಿದ ಫೇರ್‌ಲೈಟ್ ಕಂಪನಿಯನ್ನು ಬ್ಲ್ಯಾಕ್‌ಮ್ಯಾಜಿಕ್ 2016ರಲ್ಲಿ ಕೊಂಡಿತು. ಮರುವರ್ಷ ಬಂದ ಬ್ಲ್ಯಾಕ್‌ಮ್ಯಾಜಿಕ್‌ನ ಸಂಕಲನ ತಂತ್ರಾಂಶ 'ಡಾವಿಂಚಿ ರಿಸಾಲ್ವ್ 14'ರಲ್ಲಿ ಫೇರ್‌ಲೈಟ್ ಒಂದು ಪುಟವಾಗಿ ಸೇರಿತು. ಟೈಮ್‌ಲೈನ್ ಒಂದೇ, ಕಡತ ಕಳಿಸುವ ಗೋಜಿಲ್ಲ. ಆದರೂ ಸಂಕಲನಕ್ಕೊಂದು ಪುಟ, ಧ್ವನಿಗೆ ಇನ್ನೊಂದು. ನಡುವೆ ಒಂದು ಕ್ಲಿಕ್ ಉಳಿದಿದೆ.