ದುರ್ಬೀನಿನ ಒಳಗೆ ಮಂಜು

ಅಮೆರಿಕದ ಆರಿಗನ್ ರಾಜ್ಯದ ಪಶ್ಚಿಮ ಭಾಗ ನಮ್ಮ ಮಲೆನಾಡಿನ ಹಾಗೆಯೇ ಮಳೆಯ ಸೀಮೆ. ಪೆಸಿಫಿಕ್ ಸಾಗರದಿಂದ ಬಂದ ಮೋಡ ಬೆಟ್ಟಕ್ಕೆ ಬಡಿದು ಅಲ್ಲೇ ಸುರಿಯುತ್ತೆ. ವ್ಯತ್ಯಾಸ ಏನಂದ್ರೆ, ಅಲ್ಲಿ ಮಳೆಗಾಲ ಚಳಿಗಾಲ ಎರಡೂ ಒಟ್ಟಿಗೇ ಬರುತ್ತವೆ. 1940ರ ದಶಕದಲ್ಲಿ ಮಾರ್ಕಸ್ ಲ್ಯೂಪೋಲ್ಡ್ ಎಂಬಾತ ಅಲ್ಲಿ ಜಿಂಕೆ ಬೇಟೆಗೆ ಹೋಗಿದ್ದ. ಜಿಂಕೆ ಎದುರಿಗೇ ಸಿಕ್ಕಿತು. ಕೋವಿ ಭುಜಕ್ಕೇರಿಸಿ ಸ್ಕೋಪಿಗೆ ಕಣ್ಣಿಟ್ಟ. ಬರೀ ಬಿಳಿ. ಸ್ಕೋಪಿನ ಒಳಗೇ ಮಂಜು ಕಟ್ಟಿತ್ತು. ಜಿಂಕೆ ತಪ್ಪಿಸಿಕೊಂಡಿತು. ಇದಕ್ಕಿಂತ ಒಳ್ಳೆಯ ಸ್ಕೋಪು ನಾನೇ ಮಾಡಬಲ್ಲೆ ಅಂತ ಆತ ರೇಗಾಡಿದ ಎನ್ನುವುದು ಅವರ ಕಂಪನಿ ಇವತ್ತಿಗೂ ಹೇಳುವ ಕಥೆ.

ಕಂಪನಿಗಳ ಹುಟ್ಟುಕಥೆಗಳಿಗೆ ಸ್ವಲ್ಪ ಬಣ್ಣ ಬಳಿದಿರುತ್ತಾರೆ, ಗ್ಯಾರೇಜಿನಲ್ಲಿ ಶುರುವಾದ ಸ್ಟಾರ್ಟಪ್ಪುಗಳ ಹಾಗೆ. ಅದು ಬಿಡಿ. ನನಗೆ ಕುತೂಹಲ ಹುಟ್ಟಿಸಿದ್ದು ಅವನ ಸಿಟ್ಟಲ್ಲ, ಆ ದಶಕ. ಕೋವಿಯ ಮೇಲೆ ದುರ್ಬೀನು ಕೂರಿಸೋದು ಶುರುವಾಗಿ ಆಗಲೇ ನೂರು ವರ್ಷ ಆಗಿತ್ತು. ಅಷ್ಟು ವರ್ಷ ಮಳೆಯಲ್ಲಿ ಬೇಟೆಗಾರರು ಏನು ಮಾಡುತ್ತಿದ್ದರು?

ದುರ್ಬೀನು ಹಳೆಯದು. ಹಾಲೆಂಡಿನ ಹಾನ್ಸ್ ಲಿಪ್ಪರ್ಶೇ 1608ರಲ್ಲೇ ಅದಕ್ಕೆ ಪೇಟೆಂಟ್ ಕೇಳಿದ್ದ. ಕೋವಿಯ ಮೇಲೆ ಅದು ಸರಿಯಾಗಿ ಕೂತದ್ದು ಮಾತ್ರ ಹತ್ತೊಂಬತ್ತನೇ ಶತಮಾನದಲ್ಲಿ. 1844ರಲ್ಲಿ ಜಾನ್ ಚಾಪ್ಮನ್ ಅಮೆರಿಕದ ರೈಫಲ್ಲುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥ ಸ್ಕೋಪಿನ ವಿವರ ಇದೆ. ನ್ಯೂಯಾರ್ಕ್ ರಾಜ್ಯದ ವಿಲಿಯಂ ಮಾಲ್ಕಮ್ 1855ರಿಂದ ಇನ್ನೂ ಚೆನ್ನಾದ ಗಾಜು ಹಾಕಿ ಮಾರತೊಡಗಿದ. ನಮ್ಮ ಕಡೆಯ ನಂಟೂ ಒಂದಿದೆ: ಬಾಂಬೆ ಸೈನ್ಯದಲ್ಲಿದ್ದ ಡೇವಿಡ್‌ಸನ್ ಎಂಬ ಅಧಿಕಾರಿ 1862ರಲ್ಲಿ ಪೇಟೆಂಟ್ ಪಡೆದ ಸ್ಕೋಪು, ಬ್ರಿಟನ್ನಿನ ವಿಟ್ವರ್ತ್ ರೈಫಲ್ಲಿನ ಎಡಮಗ್ಗುಲಿಗೆ ಅಂಟಿಕೊಂಡು ಅಮೆರಿಕದ ಅಂತರ್ಯುದ್ಧಕ್ಕೆ ಹೋಯಿತು.

ಇವೆಲ್ಲ ಉದ್ದನೆಯ ಹಿತ್ತಾಳೆ ಅಥವಾ ಉಕ್ಕಿನ ಕೊಳವೆಗಳು. ಬಿಸಿಲಿದ್ದ ದಿನ ಅದ್ಭುತ. ಮಳೆ ಬಂದರೆ ಕಥೆ ಬೇರೆ.

ಬೆಳಗಿನ ಚಳಿಯಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿ ಬೈಕಿನಲ್ಲಿ ಹೋಗಿದ್ದರೆ ನಿಮಗೂ ಇದು ಗೊತ್ತು. ಉಸಿರಿನ ತೇವ ತಣ್ಣನೆ ಗಾಜಿಗೆ ತಾಗಿ ಹನಿಯಾಗುತ್ತೆ. ಹೆಲ್ಮೆಟ್ಟಿನದ್ದಾದರೆ ಮೇಲೆತ್ತಿ ಒರೆಸಬಹುದು. ಸ್ಕೋಪಿನ ಒಳಮೈಯನ್ನು ಒರೆಸೋದು ಹೇಗೆ? ಕೊಳವೆಯಲ್ಲಿ ತಿರುಪು, ಕೀಲು, ಗಾಜು ಕೂರುವ ಅಂಚು ಅಂತ ಹತ್ತಾರು ಸಂದುಗಳಿರುತ್ತವೆ. ಹಗಲು ಬಿಸಿಯೇರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತೆ. ಸಂಜೆ ತಣ್ಣಗಾದಾಗ ಕೊಳವೆ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತೆ. ಅಂದರೆ ಸ್ಕೋಪು ದಿನಕ್ಕೊಮ್ಮೆ ಉಸಿರಾಡುತ್ತೆ. ನೆನೆದ ಕೋವಿಯನ್ನು ಕ್ಯಾಂಪಿನ ಬೆಂಕಿಯ ಪಕ್ಕ ಒಣಗಲು ಇಟ್ಟು, ಬೆಳಿಗ್ಗೆ ಮತ್ತೆ ಚಳಿಗೆ ಒಯ್ದರಂತೂ ಮುಗೀತು.

ಜರ್ಮನಿ, ಆಸ್ಟ್ರಿಯಾದ ಕೋವಿ ಮಾಡುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಅವರ ಸ್ಕೋಪು ಕೊಕ್ಕೆಗಳ ಮೇಲೆ ಕೂರುತ್ತಿತ್ತು. ಮಂಜು ಕಟ್ಟಿದರೆ ಸೆಕೆಂಡುಗಳಲ್ಲಿ ಬಿಚ್ಚಿ ಚೀಲಕ್ಕೆ ಹಾಕಿ, ನಳಿಗೆಯ ಮೇಲಿನ ಕಬ್ಬಿಣದ ಗುರಿಯಲ್ಲೇ ಹೊಡೆಯಬಹುದಿತ್ತು. ನನಗೆ ಇದು ಬಹಳ ಪ್ರಾಮಾಣಿಕ ಎಂಜಿನಿಯರಿಂಗ್ ಅನ್ನಿಸುತ್ತೆ. ಸಿಸ್ಟಮ್ ಕೈಕೊಡುತ್ತೆ ಅಂತ ಗೊತ್ತಿದ್ದೇ ಹಳೆಯ ದಾರಿಯನ್ನು ತೆರೆದಿಟ್ಟಿದ್ದರು.

ಇನ್ನು ಕೆಲವರು ಗಾಜನ್ನು ನೆಚ್ಚಲೇ ಇಲ್ಲ. ಫಿನ್ಲೆಂಡಿನ ಸಿಮೋ ಹಾಯ್ಹಾ ಅವರಲ್ಲಿ ಎಲ್ಲರಿಗಿಂತ ಹೆಸರುವಾಸಿ. 1905ರಲ್ಲಿ ಹುಟ್ಟಿದ ರೈತ, ಎಳವೆಯಿಂದಲೇ ಬೇಟೆಗಾರ. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನೊಳಗೆ ನುಗ್ಗಿತು. ಆ ಚಳಿಗಾಲ ಉಷ್ಣಾಂಶ ಸೊನ್ನೆಗಿಂತ 40 ಡಿಗ್ರಿ ಕೆಳಗಿನವರೆಗೂ ಇಳಿಯುತ್ತಿತ್ತು. ಸುಮಾರು ನೂರು ದಿನಗಳಲ್ಲಿ 500ಕ್ಕೂ ಹೆಚ್ಚು ಸೈನಿಕರನ್ನು ಹೊಡೆದ ಲೆಕ್ಕ ಆತನ ಹೆಸರಿನಲ್ಲಿದೆ. ಯುದ್ಧದ ಲೆಕ್ಕ, ಸಂಭ್ರಮ ಪಡುವಂಥದ್ದಲ್ಲ. ಆದರೆ ಇಡೀ ಯುದ್ಧ ಅವನ ರೈಫಲ್ಲಿನ ಮೇಲೆ ಸ್ಕೋಪು ಇರಲಿಲ್ಲ ಅನ್ನೋದು ಗಮನಿಸಬೇಕಾದ ಸಂಗತಿ. ಕಾರಣಗಳು ಅಪ್ಪಟ ಬೇಟೆಗಾರನವು. ಸ್ಕೋಪಿಗೆ ಕಣ್ಣಿಡಬೇಕಾದರೆ ತಲೆ ಸ್ವಲ್ಪ ಮೇಲೆತ್ತಬೇಕು. ಗಾಜು ಬಿಸಿಲಿಗೆ ಮಿಂಚಿ ಜಾಗ ತೋರಿಸಿಕೊಡುತ್ತೆ. ಚಳಿಗೆ ಅದರ ಮೇಲೆ ಮಂಜು ಕಟ್ಟುತ್ತೆ. ತನ್ನ ಉಸಿರಿನ ಹಬೆಯೂ ಕಾಣದಿರಲಿ ಅಂತ ಆತ ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದನಂತೆ. 1940ರ ಮಾರ್ಚ್ 6ರಂದು ಮುಖಕ್ಕೆ ಗುಂಡು ಬಿತ್ತು. ಬದುಕಿದ. ಆಮೇಲೆ ಮೂಸ್ ಬೇಟೆಯಾಡುತ್ತಾ, ನಾಯಿ ಸಾಕುತ್ತಾ 2002ರವರೆಗೂ ಇದ್ದ.

ಯುದ್ಧ ಬಿಟ್ಟು ಬೇಟೆಗೆ ಬಂದರೆ, ಮಸುಕು ಗಾಜಿನ ಬೆಲೆ ತೆರುವುದು ಪ್ರಾಣಿ. ಕೈತಪ್ಪಿದ ಜಿಂಕೆಯದ್ದು ದೊಡ್ಡ ನಷ್ಟವಲ್ಲ, ಅದು ಬದುಕಿಕೊಂಡಿತು. ಅರ್ಧ ಕಂಡು ಹೊಡೆದ ಈಡು ಹೊಟ್ಟೆಗೋ ಕಾಲಿಗೋ ಬಿದ್ದರೆ ಪ್ರಾಣಿ ಅಲ್ಲೇ ಬೀಳಲ್ಲ. ಓಡುತ್ತೆ. ಒಣ ದಿನವಾದರೆ ನೆತ್ತರಿನ ಗುರುತು ಹಿಡಿದು ಹಿಂದೆ ಹೋಗಿ ಅದರ ನೋವು ಮುಗಿಸಬಹುದು. ಮಳೆ ಆ ಗುರುತನ್ನೇ ತೊಳೆದುಬಿಡುತ್ತೆ. ಹಾಗಾಗಿ ಮಳೆಯಲ್ಲಿ ಗುರಿ ಇನ್ನೂ ಖಚಿತವಾಗಿರಬೇಕು, ಆದರೆ ಸ್ಕೋಪು ಕೈಕೊಡುತ್ತಿದ್ದದ್ದು ಆಗಲೇ. ನಮ್ಮ ಮಲೆನಾಡಿನಲ್ಲಿ ಕಾಡುಹಂದಿ ಅಂದುಕೊಂಡು ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ ಈಗಲೂ ಪೇಪರಿನಲ್ಲಿ ಬರುತ್ತಿರುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಇಲ್ಲಿ ಕಳ್ಳತನದ ಕೆಲಸ. ಕತ್ತಲು, ಆತುರ, ಎಲೆ ಅಲ್ಲಾಡಿದ ಕಡೆ ಒಂದು ಈಡು.

ಲ್ಯೂಪೋಲ್ಡ್‌ಗೆ ವಾಪಸ್ ಬರೋಣ. ಸಿಟ್ಟು ಬಂದವರೆಲ್ಲ ಸ್ಕೋಪು ಮಾಡಲ್ಲ, ಆತ ಹೇಗೆ ಮಾಡಿದ? ಅವರ ಕಂಪನಿ 1907ರಲ್ಲಿ ಪೋರ್ಟ್‌ಲೆಂಡಿನಲ್ಲಿ ಶುರುವಾಗಿದ್ದು ಭೂಮಿ ಅಳೆಯುವ ಸರ್ವೆ ಉಪಕರಣಗಳ ರಿಪೇರಿಗೆ. ಆಮೇಲೆ ಸ್ಟೀವನ್ಸ್ ಎಂಬ ಜಲ ಎಂಜಿನಿಯರ್ ಪಾಲುದಾರನಾಗಿ ಸೇರಿ, ನದಿಯ ನೀರಿನ ಮಟ್ಟ ತಾನೇ ದಾಖಲಿಸುವ ಯಂತ್ರ ಮಾಡತೊಡಗಿದರು. ಅಂದರೆ ಬೇಟೆ ಸಾಮಾನಿನ ಅಂಗಡಿಯಲ್ಲ ಅದು. ಮಳೆ, ಕೆಸರು, ಹೊಳೆದಂಡೆಯಲ್ಲಿ ನಿಂತು ಕೆಲಸ ಮಾಡಬೇಕಾದ ಯಂತ್ರಗಳ ವರ್ಕ್‌ಶಾಪು. ಎರಡನೇ ಮಹಾಯುದ್ಧದಲ್ಲಿ ಹಡಗುಗಳ ಗಾಜಿನ ಉಪಕರಣಗಳ ಕೆಲಸ ಸಿಕ್ಕಿತು. ಒಳಗಿನ ತೇವದ ಗಾಳಿ ತೆಗೆದು, ಒಣ ನೈಟ್ರೋಜನ್ ತುಂಬಿ, ಸಂದುಗಳನ್ನು ಬಿಗಿಯಾಗಿ ಮುಚ್ಚುವ ವಿದ್ಯೆ ಅಲ್ಲಿ ಕೈಗೆ ಬಂತು. 1947ರಲ್ಲಿ ಪ್ಲೇನ್ಸ್‌ಮನ್ ಎಂಬ ಹೆಸರಿನಲ್ಲಿ ಅವರ ಮೊದಲ ಬೇಟೆ ಸ್ಕೋಪು ಬಂತು. ಅದೇ ವಿದ್ಯೆ ಬೇಟೆ ಸ್ಕೋಪಿನೊಳಗೂ ಹೋಯಿತು.

ನೈಟ್ರೋಜನ್ ಅಂದ ಕೂಡಲೇ ಏನೋ ರಾಕೆಟ್ ತಂತ್ರಜ್ಞಾನ ಅಂದ್ಕೋಬೇಡಿ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಅದೇ. ಗುಟ್ಟಿರುವುದು ಅದು ಒಣಗಿರುವುದರಲ್ಲಿ. ಒಳಗೆ ನೀರಿನ ಆವಿಯೇ ಇಲ್ಲದಿದ್ದರೆ ಎಷ್ಟೇ ತಣ್ಣಗಾದರೂ ಹನಿಗಟ್ಟಲು ಏನೂ ಇರಲ್ಲ. ಆದರೆ ಒಂದು ಸಂದು ಸಡಿಲವಾದರೂ ಸಾಕು, ಕೊಳವೆ ಮತ್ತೆ ಉಸಿರಾಡಲು ಶುರು ಮಾಡುತ್ತೆ. ಕೆಲಸ ಮಾಡೋದು ರಬ್ಬರ್ ರಿಂಗು, ಹೆಸರು ನೈಟ್ರೋಜನ್‌ಗೆ.

ಮೋಡ ಕವಿದ ದಿನದ ಇನ್ನೊಂದು ತೊಂದರೆ ಬೆಳಕು. ಏನೂ ಲೇಪಿಸದ ಗಾಜಿನ ಪ್ರತಿ ಮೈ ಸುಮಾರು ಶೇಕಡಾ 4ರಷ್ಟು ಬೆಳಕನ್ನು ವಾಪಸ್ ಎಸೆಯುತ್ತೆ. ಒಂದು ಸ್ಕೋಪಿನಲ್ಲಿ ಇಂಥ ಹತ್ತು ಮೈ ಇದ್ದರೆ ಕ್ಯಾಲ್ಕುಲೇಟರಿನಲ್ಲಿ 0.96ನ್ನು ಹತ್ತು ಸಲ ಗುಣಿಸಿ ನೋಡಿ. ಮೂರನೇ ಒಂದು ಭಾಗ ಬೆಳಕು ಮಾಯ. ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಗಾಜಿನ ಮೇಲೆ ತೆಳುವಾದ ಪದರ ಹಚ್ಚಿ ಈ ನಷ್ಟ ತಗ್ಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನಿಮ್ಮ ಕನ್ನಡಕದ ನೀಲಿ-ಹಸಿರು ಹೊಳಪು ಅದೇ ವಂಶದ್ದು.

ಇಷ್ಟಾದರೂ ಹೊರಗಿನ ಗಾಜು ಹೊರಗೇ ಇದೆ. ಮಳೆಹನಿ ಅದರ ಮೇಲೆ ಕೂರುತ್ತೆ. ಉಸಿರು ಕಣ್ಣಿನ ಕಡೆಯ ಗಾಜಿಗೆ ತಾಗುತ್ತೆ. ಹಾಗಾಗಿ ಚಳಿನಾಡಿನ ಬೇಟೆಗಾರರು ಈಗಲೂ ಗುರಿ ಹಿಡಿಯುವವರೆಗೆ ಸ್ಕೋಪಿನ ಮುಚ್ಚಳ ತೆಗೆಯಲ್ಲ, ಜೇಬಿನಲ್ಲಿ ಒಣ ಬಟ್ಟೆ ಇಟ್ಟಿರುತ್ತಾರೆ, ರಾತ್ರಿ ಕೋವಿಯನ್ನು ಬೆಚ್ಚನೆ ಕೋಣೆಗೆ ತರದೆ ಹೊರಗಿನ ಚಳಿಯಲ್ಲೇ ಬೀಗ ಹಾಕಿಡುತ್ತಾರೆ. ಇನ್ನು ಗಾಳಿಯಲ್ಲೇ ಇರುವ ಮಂಜಿಗೆ ಯಾವ ಸ್ಕೋಪೂ ಉತ್ತರವಲ್ಲ. ಒಂಬತ್ತು ಪಟ್ಟು ಹಿಗ್ಗಿಸಿದರೆ ಮಂಜೂ ಒಂಬತ್ತು ಪಟ್ಟು. ದೇಹದ ಶಾಖ ನೋಡುವ ಇವತ್ತಿನ ದುಬಾರಿ ಥರ್ಮಲ್ ಸ್ಕೋಪಿಗೂ ದಟ್ಟ ಮಂಜಿನ ನೀರಹನಿಗಳು ಅಡ್ಡ ಬರುತ್ತವೆ. ಅಂಥ ಬೆಳಿಗ್ಗೆ ಒಳ್ಳೆಯ ಬೇಟೆಗಾರ ಕೋವಿಗೆ ತೋಟಾ ತುಂಬಲ್ಲ, ಇನ್ನೊಂದು ಲೋಟ ಕಾಫಿ ಕಾಯಿಸಿಕೊಂಡು ಮಂಜು ಎದ್ದುಹೋಗಲಿ ಅಂತ ಕಾಯುತ್ತಾನೆ.