ಗಂಜಿ (ನಾಮಪದ)

ತಮಿಳಿನಲ್ಲಿ ಕಂಜಿ, ತೆಲುಗು, ತುಳು, ಕನ್ನಡಗಳಲ್ಲಿ ಗಂಜಿ. ಈ ದ್ರಾವಿಡ ಪದ ಪೋರ್ಚುಗೀಸರ ಬಾಯಿಂದ ದಾಟಿ ಇಂಗ್ಲಿಷಿನಲ್ಲಿ ‘ಕಾಂಜಿ’ಯಾಯಿತು.

ನೀರು ಗಂಜಿಯಾಗುವುದು ಪಿಷ್ಟದಿಂದ. ಸುಮಾರು 60–75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಕ್ಕಿಯ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಹೊರಬಿದ್ದ ಪಿಷ್ಟ ದ್ರವದ ಹರಿವನ್ನು ತಡೆಯುತ್ತದೆ. ಇದೇ ಸ್ನಿಗ್ಧತೆ. ಬಿಸಿಯಿದ್ದಾಗ ಸರಾಗವಾಗಿ ಬಸಿಯುವ ಗಂಜಿ ಆರುತ್ತಾ ಮಂದವಾಗಿ ಕೆನೆಗಟ್ಟುತ್ತದೆ.

ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಭತ್ತದ ಸೀಮೆ; ಅಲ್ಲಿ ಅಕ್ಕಿಯ ಗಂಜಿ. ಮಳೆಯಾಶ್ರಿತ ಕುಷ್ಟಗಿ, ಯಲಬುರ್ಗಾ ಕಡೆ ಜೋಳ, ಸಜ್ಜೆ ಹೆಚ್ಚು; ಅವುಗಳ ಹಿಟ್ಟು ಕದಡಿ ಕುದಿಸಿದರೆ ಅದು ಅಂಬಲಿ.

ಉಣ್ಣಲಷ್ಟೇ ಅಲ್ಲ, ನೇಯಲೂ ಗಂಜಿ ಬೇಕು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ನೇಕಾರರ ಊರು. ಗಂಜಿ ಕಾಣದ ಹತ್ತಿಯ ಹಾಸಿನೆಳೆ ಮಗ್ಗದ ಹಣಿಗೆಗೆ ಉಜ್ಜಿ ಜುಂಗೆದ್ದು ಹರಿಯುತ್ತದೆ. ಗಂಜಿ ತೆಳುವಾದರೆ ನೂಲಿಗೆ ಹಿಡಿಯದು. ಗಟ್ಟಿಯಾದರೆ ಎಳೆಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಮನೆಗಳಲ್ಲಿ ಹತ್ತಿ ಸೀರೆ, ಧೋತರಗಳಿಗೂ ಇದೇ ಗಂಜಿ.

‘ಗಂಜಿ ಕೇಂದ್ರ’ ಬರ, ನೆರೆಗಳ ಕಾಲದ ಮಾತು. 2009ರ ಉತ್ತರ ಕರ್ನಾಟಕದ ಪ್ರವಾಹದಲ್ಲಿ ಮನೆ ಕಳೆದುಕೊಂಡವರು ಇಂಥ ಕೇಂದ್ರಗಳಲ್ಲಿ ಆಸರೆ ಪಡೆದರು. ಸರ್ಕಾರ ಈಚೆಗೆ ಅವನ್ನು ‘ಕಾಳಜಿ ಕೇಂದ್ರ’ ಎನ್ನುತ್ತದೆ. ಜನರ ಬಾಯಲ್ಲಿ ಹಳೆಯ ಹೆಸರೂ ಉಳಿದಿದೆ.